ಬೋರೆ ಬಂಡೆಯಲ್ಲಿ ತೋಡಿದ ಗುಂಡಿ

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ, ಕೂರಿಸುತ್ತಾರೆ. ಬದುಕಿದ್ದಾಗ ಪೂಜೆಗೆ ಕೂತ ಹಾಗೆ ಚಕ್ಕಳಮಕ್ಕಳ ಹಾಕಿಸಿ, ಎಡಗೈಯಲ್ಲಿ ಲಿಂಗವಿಟ್ಟು, ಸುತ್ತಲೂ ವಿಭೂತಿ, ಬಿಲ್ವಪತ್ರೆ, ಉಪ್ಪು ತುಂಬಿ ಆಮೇಲೆ ಮಣ್ಣು ಎಳೆಯುತ್ತಾರೆ. ಗುಂಡಿಯನ್ನು ಟೇಪು ಹಿಡಿದು ಅಳೆಯುವುದಿಲ್ಲ. ತೀರಿಕೊಂಡವರ ಪಾದದ ಉದ್ದಕ್ಕೆ ಒಂದು ದಾರ ಕತ್ತರಿಸಿ ಆ ದಾರದಲ್ಲೇ ಉದ್ದ, ಅಗಲ, ಆಳ ಎಲ್ಲವನ್ನೂ ಅಳೆಯುತ್ತಾರೆ. ಕೂತವರ ನೆತ್ತಿಯ ಮೇಲೂ ಸಾಕಷ್ಟು ಮಣ್ಣು ಬರಬೇಕು. ಹಾಗಾಗಿ ಗುಂಡಿ ಆಳ ಬೇಕು. ಮಣ್ಣು ಆಳವಿರುವ ಕಡೆ ಇದೇನೂ ಕಷ್ಟವಲ್ಲ.

ನನ್ನ ಗಂಡ ಕೇಳಿದ್ದು ಮಣ್ಣು ಆಳವಿಲ್ಲದ ಜಾಗವನ್ನು.

ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮೂರು. ಊರಿನ ಮೇಲುಗಡೆ ಒಂದು ಬೋರೆ ಇದೆ. ಬೆಟ್ಟವೂ ಅಲ್ಲ, ಹೊಲವೂ ಅಲ್ಲ. ಮಲಗಿದ ಎಮ್ಮೆಯ ಬೆನ್ನಿನ ಹಾಗೆ ಎದ್ದ ಬಂಡೆ, ಇಳಿಜಾರಿನಲ್ಲಿ ತೆಳ್ಳಗೆ ಕೆಂಪು ಮಣ್ಣು. ಅಲ್ಲಿ ನಮ್ಮದೊಂದು ತುಂಡು ಜಮೀನು. ಹುರುಳಿ ಬಿಟ್ಟರೆ ಬೇರೇನೂ ಆಗುವುದಿಲ್ಲ. ತನ್ನನ್ನು ಅಲ್ಲೇ ಕೂರಿಸಬೇಕು ಎಂದು ಅವರು ಕೇಳಿದರು. ಆಗ ಅವರಿಗೆ ಐವತ್ತು ತುಂಬಿರಲಿಲ್ಲ.

ಅದಕ್ಕೊಂದು ಕಾರಣವಿತ್ತು. ನನ್ನ ಮಾವನವರನ್ನು ಊರಿನ ಹಳೇ ಸ್ಮಶಾನದಲ್ಲಿ ಕೂರಿಸಿದ್ದರು. ರಸ್ತೆ ಅಗಲ ಮಾಡುವಾಗ ಆ ಸ್ಮಶಾನದಲ್ಲಿ ಮಾವನವರಿದ್ದ ಬದಿಯೇ ಹೋಯಿತು. ಊರಿನವರಿಗೆ ಮುಂಚೆಯೇ ಹೇಳಿದ್ದರು, ಪೂಜೆಯೂ ಆಗಿತ್ತು. ಯಾರನ್ನೂ ದೂರುವ ಹಾಗಿರಲಿಲ್ಲ. ಆದರೆ ಜೆಸಿಬಿಯ ಬಾಯಲ್ಲಿ ಮಣ್ಣು ಎದ್ದು ಟಿಪ್ಪರಿಗೆ ಬೀಳುವುದನ್ನು ನನ್ನ ಗಂಡ ಕೊನೆಯವರೆಗೂ ನಿಂತು ನೋಡಿದರು. ಆ ಮಣ್ಣು ಎಲ್ಲಿಗೆ ಹೋಯಿತು, ಯಾವ ತಗ್ಗು ತುಂಬಿತು ಎಂದು ಯಾರಿಗೂ ಗೊತ್ತಿಲ್ಲ. ಮನೆಗೆ ಬಂದು ಕೈಕಾಲು ತೊಳೆಯುತ್ತಾ ನನಗೆ ಹೇಳಿದರು, "ಮಣ್ಣ ನಂಬಂಗಿಲ್ಲ ಕಣೆ. ಬಂಡೆ ನಂಬಬೋದು. ಬಂಡೆ ಎಲ್ಲಿಗೂ ಓಗಲ್ಲ."

ಅದು ಸರಿಯಲ್ಲ ಎಂದು ನನಗೆ ಗೊತ್ತಿತ್ತು. ಪಾಠದಲ್ಲಿ ಓದಿದ್ದೆ.

ನನ್ನ ತವರು ಅರಕಲಗೂಡಿನ ಕಡೆ. ಎಸ್ಸೆಸ್ಸೆಲ್ಸಿ ತನಕ ಓದಿದವಳು ನಾನು. ಹೈಸ್ಕೂಲಿನಲ್ಲಿ ಶಿಲಾಚಕ್ರ ಎಂದು ಒಂದು ಪಾಠವಿತ್ತು. ಒಂದು ವೃತ್ತ ಬರೆದು ಅದರ ಸುತ್ತ ಬಾಣದ ಗುರುತು ಹಾಕಬೇಕು. ಭೂಮಿಯ ಒಳಗಿನ ಬೆಂಕಿಯ ಪಾಕ ಆರಿ ಗಟ್ಟಿಯಾದರೆ ಅಗ್ನಿಶಿಲೆ. ಅದು ಬಿಸಿಲು ಮಳೆಗೆ ಸವೆದು ಮರಳು, ಮಣ್ಣು ಆಗಿ ನೀರಿನಲ್ಲಿ ಹೋಗಿ ತಳದಲ್ಲಿ ಪದರ ಪದರವಾಗಿ ಕೂತು, ಮೇಲಿನ ಭಾರಕ್ಕೆ ಬಿಗಿದರೆ ಪದರುಶಿಲೆ. ಯಾವುದೇ ಕಲ್ಲಾಗಲಿ ಆಳಕ್ಕೆ ಹೋಗಿ ಕಾವಿಗೂ ಒತ್ತಡಕ್ಕೂ ಸಿಕ್ಕಿ ಕರಗದೆಯೇ ಬೇರೆಯಾದರೆ ರೂಪಾಂತರ ಶಿಲೆ. ಇನ್ನೂ ಆಳಕ್ಕೆ ಹೋಗಿ ಕರಗಿದರೆ ಮತ್ತೆ ಪಾಕ. ಪರೀಕ್ಷೆಗೆ ಇದು ಬಂದಿತ್ತು. ಚಿತ್ರ ಚೆನ್ನಾಗಿ ಬರೆದಿದ್ದೆ. ಬಾಣಗಳು ಎಲ್ಲೂ ನಿಲ್ಲುವುದಿಲ್ಲ ಎನ್ನುವುದು ಅವತ್ತು ನನಗೆ ಅಂಕದ ವಿಷಯ ಮಾತ್ರವಾಗಿತ್ತು.

ಮದುವೆಯಾಗಿ ಬರುವಾಗ ಹೊಳೆನರಸೀಪುರದಲ್ಲಿ ಬಸ್ಸು ಬದಲಾಯಿಸಿದೆವು. ನಮ್ಮ ಕಡೆ ಮಣ್ಣು ಆಳ, ಹೊಗೆಸೊಪ್ಪು ಆಲೂಗಡ್ಡೆ ಬೆಳೆಯುವ ನೆಲ. ಇತ್ತ ಬರುತ್ತಾ ಬರುತ್ತಾ ತೆಂಗಿನ ತೋಟದ ನಡುವೆ ಬಂಡೆಗಳು ತಲೆ ಎತ್ತುತ್ತಿದ್ದವು. ಕಿಟಕಿಯಲ್ಲಿ ಅದನ್ನೇ ನೋಡುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ಹೊಸ ಗಂಡ ಮೊದಲ ಸಲ ಮಾತಾಡಿದರು. "ಇವೆಲ್ಲಾ ನಮ್ಮ ಅನ್ನದ ತಟ್ಟೆ," ಎಂದರು. ಅವರು ಚಪ್ಪಡಿ ಎಬ್ಬಿಸುವವರು.

ಚಪ್ಪಡಿ ಎಬ್ಬಿಸುವುದನ್ನು ಈಗ ಹೆಚ್ಚು ಜನ ನೋಡಿಲ್ಲ. ಬಂಡೆಯ ಮೇಲೆ ಸೌದೆ ಒಟ್ಟಿ ಬೆಂಕಿ ಹಾಕುತ್ತಾರೆ. ಜೋರು ಬೆಂಕಿಯಲ್ಲ, ನಿಂತು ಉರಿಯುವ ಬೆಂಕಿ. ತೆಂಗಿನ ಬುಡ, ಜಾಲಿ, ಒಣಗಿದ ಮಟ್ಟೆ. ಕಾವಿಗೆ ಬಂಡೆಯ ಮೇಲಿನ ಪದರ ಹಿಗ್ಗಿ ಕೆಳಗಿನದನ್ನು ಬಿಡುತ್ತದೆ. ಬಿಟ್ಟಿತೋ ಇಲ್ಲವೋ ಎಂದು ಕಣ್ಣಿಗೆ ಕಾಣುವುದಿಲ್ಲ. ಸುತ್ತಿಗೆಯಲ್ಲಿ ತಟ್ಟಿ ಕೇಳಬೇಕು. ಅಂಟಿಕೊಂಡ ಬಂಡೆ ಟಣ್ ಎನ್ನುತ್ತದೆ. ಬಿಟ್ಟಿದ್ದರೆ ಒಳಗೆ ಟೊಳ್ಳಾಗಿ ದಬ್ ಎನ್ನುತ್ತದೆ. ದಬ್ ಎಂದ ಕಡೆಯಿಂದ ಬೆಂಕಿಯನ್ನು ಮುಂದಕ್ಕೆ ಸರಿಸುತ್ತಾ ಹೋಗುತ್ತಾರೆ. ಆಮೇಲೆ ಉಳಿಯಲ್ಲಿ ಗೆರೆ ಹೊಡೆದು ಬೇಕಾದ ಅಳತೆಗೆ ಸೀಳುತ್ತಾರೆ. ಬೆಂಕಿ ಸರಿಸುವ ಕೆಲಸ ನನಗೆ ಬಂತು. ಕೂದಲಲ್ಲಿ ಸದಾ ಹೊಗೆ ವಾಸನೆ.

ಅವರ ಜೊತೆ ಕೆಲಸ ಮಾಡುತ್ತಿದ್ದವರು ಒಬ್ಬರೇ, ದೂರದಲ್ಲಿ ಅವರಿಗೆ ಭಾವ ಆಗಬೇಕು. ಇಬ್ಬರೂ ದಿನವಿಡೀ ಬೈದಾಡಿಕೊಂಡೇ ಕೆಲಸ ಮಾಡುತ್ತಿದ್ದರು. ಹೊಸದರಲ್ಲಿ ನಾನು ಜಗಳವೆಂದು ಹೆದರುತ್ತಿದ್ದೆ.

"ಅಲ್ಲಿ ತಟ್ಟಬೇಡ ಕಣ್ಲಾ, ನಿನ್ನ ತಲೆ ಸದ್ದು ಬಂದಂಗಾಯ್ತದೆ," ಎನ್ನುತ್ತಿದ್ದರು ಭಾವ.

"ನಿನ್ನ ತಲೆ ತಟ್ಟಿದ್ರೆ ಸದ್ದೇ ಬರಲ್ವಲ್ಲೋ, ಬರೀ ಧೂಳು," ಎನ್ನುತ್ತಿದ್ದರು ಇವರು.

ಬಂಡೆ ಯಾಕೆ ಹೀಗೆ ಪದರ ಬಿಡುತ್ತದೆ ಎಂದು ನನಗೆ ಎಷ್ಟೋ ವರ್ಷ ಆದಮೇಲೆ ತಿಳಿಯಿತು. ನಮ್ಮೂರ ಪಕ್ಕದ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೆಲಸ ನನಗೆ ಸಿಕ್ಕಿತು. ಅಡುಗೆಮನೆಯ ಕಿಟಕಿಗೆ ಅಂಟಿಕೊಂಡೇ ಕ್ಲಾಸು. ಹುರುಳಿಕಾಯಿ ಬಿಡಿಸುತ್ತಾ ಮೇಡಂ ಹೇಳುವುದನ್ನು ಕೇಳುತ್ತಿದ್ದೆ. ಈ ಬಂಡೆಗಳೆಲ್ಲ ಒಂದು ಕಾಲಕ್ಕೆ ಬಹಳ ಆಳದಲ್ಲಿ ಇದ್ದವಂತೆ, ಇವುಗಳ ಮೇಲೆ ಬೆಟ್ಟಗಳಷ್ಟು ಕಲ್ಲಿನ ಭಾರ ಇತ್ತಂತೆ. ಮೇಲಿನದು ಸವೆದು ಸವೆದು ಹೋದಮೇಲೆ ಅಡಿಯಲ್ಲಿದ್ದದ್ದು ಭಾರ ಇಳಿಸಿದ ಹಾಗಾಗಿ ಹಿಗ್ಗಿ, ಈರುಳ್ಳಿಯಂತೆ ಪದರ ಬಿಡುತ್ತದಂತೆ. ನಾವು ಹಾಕುವ ಬೆಂಕಿ ಆ ಕೆಲಸವನ್ನು ಸ್ವಲ್ಪ ಬೇಗ ಮಾಡಿಸುತ್ತದೆ, ಅಷ್ಟೇ. ನಮ್ಮ ಬೋರೆಯ ಕಲ್ಲು ಬಿಳಿ ಕಪ್ಪು ಗೆರೆ ಗೆರೆ ಇದೆಯಲ್ಲ, ಅದು ಹಳೆಯ ಗ್ರಾನೈಟ್ ಕಲ್ಲು ಕಾವಿಗೆ ಒತ್ತಡಕ್ಕೆ ಸಿಕ್ಕಿ ಮಡಿಸಿಕೊಂಡಾಗ ಬಂದದ್ದು.

ಸಂಜೆ ಇದನ್ನು ಅವರಿಗೆ ಹೇಳಿದೆ. ಮೇಲೊಂದು ಬೆಟ್ಟ ಇತ್ತು, ಅದು ಹೋಗಿದೆ, ಇದೂ ಹೋಗುತ್ತದೆ ಎಂದೆ.

ಅವರು ನಕ್ಕರು. "ಎಲ್ಲಿಗ್ ಓಯ್ತದೆ? ಬಸ್ ಅತ್ತಿಕೊಂಡಾ?"

ಒಂದು ಸಲ ಸಂಬಂಧಿಕರ ಮದುವೆಗೆ ಕೊರವಂಗಲಕ್ಕೆ ಹೋಗಿದ್ದೆವು. ಊಟಕ್ಕೆ ಹೊತ್ತಿತ್ತು, ಗುಡಿ ನೋಡಲು ಹೋದೆವು. ಎಲ್ಲರೂ ಗೊಂಬೆಗಳನ್ನು ನೋಡುತ್ತಿದ್ದರೆ ಇವರು ಗೋಡೆಗೆ ಬೆರಳ ಗೆಣ್ಣಿನಲ್ಲಿ ತಟ್ಟಿ ಕಿವಿ ಇಟ್ಟು ಕೇಳುತ್ತಿದ್ದರು. ಅಲ್ಲಿದ್ದ ಕಾವಲಿನವನು ಗದರಿದ. "ಏನ್ ಬಾಗಿಲಾ ಅದು, ತಟ್ಟಕ್ಕೆ?"

"ಇಲ್ಲ ಸಾ, ಕಲ್ಲು ಬೇರೆ ಥರ ಐತೆ, ಅದ್ಕೆ."

"ಕಲ್ಲು ಬೇರೆ ಥರ ಇದ್ರೆ ಏನಾದ್ರೂ ಹೇಳ್ತದಾ?"

"ಹೇಳ್ತದೆ ಸಾ. ನಿಮ್ಗಿಂತ ಮೆತ್ತಗೆ ಮಾತಾಡ್ತದೆ."

ಅದು ಬಳಪದ ಕಲ್ಲು. ಉಗುರಿಗೂ ಗೀರು ಬೀಳುವಷ್ಟು ಮೃದು. ಅದಕ್ಕೇ ಅಷ್ಟು ಸಣ್ಣ ಕುಸುರಿ ಸಾಧ್ಯವಾಗಿದ್ದು. "ಇಷ್ಟು ಮೆತ್ತಗಿರೋದೇ ಇಷ್ಟು ಕಾಲ ನಿಂತೈತೆ, ನಮ್ಮ ಬಂಡೆ ಇನ್ನೆಷ್ಟು ನಿಲ್ಬೇಡ," ಎಂದರು ದಾರಿಯಲ್ಲಿ. ಮಳೆ ಹೊಡೆಯುವ ಬದಿಯ ಗೊಂಬೆಗಳ ಮೂಗು, ಬೆರಳು ಸವೆದು ನುಣುಪಾಗಿರುವುದನ್ನು ನಾನು ನೋಡಿದ್ದೆ. ಏನೂ ಹೇಳಲಿಲ್ಲ. ಮದುವೆ ಮನೆಯ ಹೊತ್ತು, ಅವರು ಖುಷಿಯಲ್ಲಿದ್ದರು.

ಬೆಂಕಿಯ ಚಪ್ಪಡಿ ಕೇಳುವವರು ಕಡಿಮೆಯಾದರು. ಎಲ್ಲರಿಗೂ ಯಂತ್ರದಲ್ಲಿ ಕೊಯ್ದ ನುಣುಪು ಕಲ್ಲು ಬೇಕು. ಇವರೂ ಭಾವನೂ ಕಲ್ಲು ಕೊಯ್ಯುವ ಒಂದು ಶೆಡ್ಡಿಗೆ ಸೇರಿದರು. ಭಾವ ಲೋಡು ಮಾಡುವ ಕಡೆ, ಇವರು ಮಿಷನ್ನಿನ ಮುಂದೆ. ಸಂಜೆ ಮನೆಗೆ ಬಂದರೆ ಹುಬ್ಬು, ರೆಪ್ಪೆ, ಕಿವಿಯ ಸಂದು ಎಲ್ಲ ಹಿಟ್ಟಿನ ಗಿರಣಿಯವರ ಹಾಗೆ ಬಿಳಿ. ಹೊಗೆ ವಾಸನೆ ಹೋಗಿ ಒಂದು ಥರ ಸುಟ್ಟ ಕಲ್ಲಿನ ವಾಸನೆ ಬಂತು. ಬಾಯಿಗೆ ಟವಲು ಕಟ್ಟುತ್ತಿದ್ದರು. ಆ ಟವಲನ್ನು ನಾನು ಒಗೆಯುವಾಗ ಬಕೆಟ್ಟಿನ ತಳದಲ್ಲಿ ಬೂದು ಬಣ್ಣದ ಕೆಸರು ಕೂರುತ್ತಿತ್ತು. ನೀರು ಬಗ್ಗಿಸಿ ಹಾಗೇ ಬಿಟ್ಟರೆ ಒಣಗಿ ಬಿಲ್ಲೆಯ ಹಾಗೆ ಏಳುತ್ತಿತ್ತು.

ಕೆಮ್ಮು ಬಂತು. ಮೊದಲು ಧೂಳಿಗೆ ಅಂದುಕೊಂಡೆವು, ಆಮೇಲೆ ಟಿಬಿ ಅಂದುಕೊಂಡು ಹೆದರಿದೆವು. ಕಫ ಪರೀಕ್ಷೆಯಲ್ಲಿ ಟಿಬಿ ಬರಲಿಲ್ಲ. ಬೋರೆ ಹತ್ತುವಾಗ ಅರ್ಧಕ್ಕೆ ಕೂರತೊಡಗಿದರು. ಹಾಸನಕ್ಕೆ ಹೋದೆವು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಎದೆಯ ಗೂಡಿನೊಳಗೆ ಆಲಿಕಲ್ಲು ಬಿದ್ದ ಹಾಗೆ ಬಿಳಿ ಚುಕ್ಕೆಗಳು.

"ಏನು ಕೆಲಸ?"

"ಕಲ್ಲು ಕೊಯ್ಯೋದು ಸಾ."

"ಬಾಯಿಗೆ ಕಟ್ಟಿಕೊಳ್ತಿದ್ರಾ?"

"ಕಟ್ಕೋತಿದ್ದೆ ಸಾ. ಟವಲ್ಲು, ಎರಡು ಮಡಿಕೆ."

"ಇದು ಟವಲ್ಲಿಗೆ ನಿಲ್ಲೋ ಧೂಳಲ್ಲ. ಕಣ್ಣಿಗೇ ಕಾಣದಷ್ಟು ಸಣ್ಣದು. ಒಳಗೆ ಹೋಗಿ ಕೂತಿದೆ."

"ತೆಗಿಯಕ್ಕಾಗಲ್ವಾ ಸಾ?"

ಡಾಕ್ಟರು ತಲೆ ಆಡಿಸಿದರು. ಧೂಳು ಹೊರಗೆ ಬರುವುದಿಲ್ಲ, ಶ್ವಾಸಕೋಶ ಅದರ ಸುತ್ತ ಗಂಟು ಕಟ್ಟುತ್ತದೆ, ಗಂಟು ಗಟ್ಟಿಯಾಗುತ್ತದೆ, ಕೆಲಸ ಬಿಟ್ಟರೂ ಅದು ನಿಲ್ಲುವುದಿಲ್ಲ ಎಂದು ನಿಧಾನವಾಗಿ ಹೇಳಿದರು. ಒಳ್ಳೆಯ ಮನುಷ್ಯ. ಎರಡು ಸಲ ಹೇಳಿದರು. ಧೂಳು ತಳಕ್ಕೆ ಇಳಿಯುವುದು, ಪದರವಾಗಿ ಕೂರುವುದು, ಬಿಗಿಯುವುದು. ಇದನ್ನು ನಾನು ಎಲ್ಲೋ ಓದಿದ್ದೇನಲ್ಲ ಅನ್ನಿಸಿತು. ಹೈಸ್ಕೂಲಿನಲ್ಲಿ ಬರೆದ ಆ ವೃತ್ತ ನೆನಪಾಯಿತು.

ಬಸ್ಸಿನಲ್ಲಿ ವಾಪಸು ಹೊರಟೆವು. ಚನ್ನರಾಯಪಟ್ಟಣ ಹತ್ತಿರ ಬಂದಾಗ, "ಅಷ್ಟ್ ಕಲ್ಲು ಕೊಯ್ದೆ, ಎಲ್ಲಾ ಊರೋರ ಮನೆಗೋಯ್ತು. ನಂಗೆ ಅಂತ ತಂದಿದ್ದು ಇದೊಂದೇ," ಎಂದು ಎದೆ ಮುಟ್ಟಿಕೊಂಡರು. ನಗಿಸಲು ಹೇಳಿದ್ದು. ನಾನು ನಗಲಿಲ್ಲ, ನಾನು ನಕ್ಕರೆ ಅವರೂ ನಗುತ್ತಾರೆ, ಅವರಿಗೆ ನಕ್ಕರೆ ಕೆಮ್ಮು.

ಅದಾದ ಮೇಲೆಯೇ ಬೋರೆಯ ಮೇಲೆ ಕೂರಿಸುವ ಮಾತು ಬಂದದ್ದು. ನನಗೆ ಹೇಳಿದರು, ಭಾವನಿಗೆ ಹೇಳಿದರು. ಕಷ್ಟ ಏನೆಂದು ಮೂವರಿಗೂ ಗೊತ್ತಿತ್ತು. ಬೋರೆಯಲ್ಲಿ ಮೊಣಕಾಲುದ್ದ ತೋಡಿದರೆ ಬಂಡೆ. ಸತ್ತವರನ್ನು ಇಟ್ಟುಕೊಂಡು ಬಂಡೆ ಎಬ್ಬಿಸುತ್ತಾ ಕೂರಲು ಆಗುವುದಿಲ್ಲ. ತೋಡುವುದಾದರೆ ಮೊದಲೇ ತೋಡಬೇಕು. ಆದರೆ ಬದುಕಿರುವವರಿಗೆ ಗುಂಡಿ ತೋಡಬಾರದು, ತೆರೆದ ಗುಂಡಿ ಬಾಯಿ ಬಿಟ್ಟು ಕರೆಯುತ್ತದೆ ಎಂದು ನಮ್ಮ ಕಡೆ ನಂಬಿಕೆ. ನನ್ನ ಅತ್ತೆ ಇನ್ನೂ ಗಟ್ಟಿಯಾಗಿದ್ದಾರೆ. ಅವರ ಮುಂದೆ ಈ ಮಾತು ಎತ್ತುವುದು ಹೇಗೆ?

ಭಾವ ಒಂದು ದಾರಿ ಹುಡುಕಿದರು. ಹುರುಳಿ ಹೊಲಕ್ಕೆ ಒಂದು ಸಂಪು ಬೇಕು, ಟ್ಯಾಂಕರಿನಲ್ಲಿ ನೀರು ತರಿಸಿ ಬಿಟ್ಟುಕೊಂಡರೆ ನಾಲ್ಕು ತೆಂಗಿನ ಸಸಿ ಇಡಬಹುದು ಎಂದು ಅತ್ತೆಯ ಮುಂದೆ ಹೇಳಿದರು.

"ಬೋರೆ ಮೇಲೆ ಸಂಪಾ?" ಎಂದರು ಅತ್ತೆ.

"ಊಂ ಕಣತ್ತೆ. ಬಂಡೆ ಸಂಪು. ನೀರು ಇಂಗಲ್ಲ."

ಅತ್ತೆ ಮಗನನ್ನು ನೋಡಿದರು, ಭಾವನನ್ನು ನೋಡಿದರು. "ಸಂಪು ತೋಡ್ರಪ್ಪ," ಎಂದು ಎದ್ದು ಒಳಗೆ ಹೋದರು. ಅವರಿಗೆ ಅವತ್ತೇ ಗೊತ್ತಾಗಿತ್ತು. ಮನೆಯಲ್ಲಿ ಎಲ್ಲರೂ ಅದನ್ನು ಸಂಪು ಎಂದೇ ಕರೆದೆವು. ಅತ್ತೆಯೂ ಹಾಗೇ ಕರೆದರು.

ಅಳತೆಗೆ ಪಾದ ಬೇಕಲ್ಲ. ಭಾವ ಒಂದು ತೆಂಗಿನ ನಾರಿನ ಹುರಿ ಹಿಡಿದು ಬಂದು ಇವರ ಕಾಲ ಬಳಿ ಕೂತರು. "ಕಾಲು ಚಾಚ್ಲಾ. ಪ್ಯಾಟೆಗೆ ಓಯ್ತೀನಿ, ಚಪ್ಪಲಿ ತತ್ತೀನಿ."

"ಒಳ್ಳೇದೇ ತತ್ತಾ," ಎಂದರು ಇವರು. "ಇನ್ನ ಸವ್ಸಲ್ಲ ನಾನು."

ಭಾವ ಹುರಿಯನ್ನು ಹಿಮ್ಮಡಿಯಿಂದ ಹೆಬ್ಬೆರಳಿಗೆ ಹಿಡಿದು ಕತ್ತರಿಸಿದರು. ಕತ್ತರಿಸಿ ಅಲ್ಲಿಂದ ಏಳದೆ ಇವರ ಪಾದವನ್ನು ಕೈಯಲ್ಲಿ ಹಾಗೇ ಹಿಡಿದುಕೊಂಡು ಕೂತರು. ನಾನು ಒಲೆಗೆ ಸೌದೆ ತರಲು ಹೊರಗೆ ಹೋದೆ.

ತೋಡಲು ಶುರು ಮಾಡಿದಾಗ ಮಳೆಗಾಲ ಇನ್ನೂ ದೂರವಿತ್ತು. ಇವರಿಗೆ ಹೊಲದ ಅಂಚಿನಲ್ಲಿ ಮಂಚ ಹಾಕಿದೆವು. ಆಟೋದಲ್ಲಿ ಬೋರೆಯ ಬುಡದ ತನಕ ಬಂದು ಅಲ್ಲಿಂದ ಭಾವನ ಬೆನ್ನ ಮೇಲೆ ಬರುತ್ತಿದ್ದರು. ಮೊದಲು ಕೆಂಪು ಮಣ್ಣು ಬಂತು, ಬೇರು, ಇರುವೆ ಗೂಡು. ಅದರ ಕೆಳಗೆ ಗರಸು, ಹರಳು ಹರಳಾಗಿ. ಅದರ ಕೆಳಗೆ ಒಂದು ವಿಚಿತ್ರ ಪದರ. ನೋಡಲು ಬಂಡೆಯೇ, ಅದೇ ಬಿಳಿ ಕಪ್ಪು ಗೆರೆ, ಆದರೆ ಗುದ್ದಲಿ ಇಟ್ಟರೆ ಬೆಲ್ಲದಂತೆ ಉದುರುತ್ತಿತ್ತು. ನಾನು ಒಂದು ಹಿಡಿ ತೆಗೆದುಕೊಂಡು ಅಂಗೈಯಲ್ಲಿ ಉಜ್ಜಿದೆ. ಬಿಳಿಯ ಭಾಗ ಜೇಡಿಯಾಗಿತ್ತು, ಕಪ್ಪು ಭಾಗ ತುಕ್ಕಿನ ಬಣ್ಣಕ್ಕೆ ತಿರುಗಿತ್ತು, ಗಾಜಿನಂಥ ಹರಳು ಮಾತ್ರ ಹಾಗೇ ಮರಳಾಗಿ ಉಳಿದಿತ್ತು. ಬಂಡೆ ಮಣ್ಣಾಗುತ್ತಿರುವುದು ಅಂಗೈಯಲ್ಲೇ ಇತ್ತು. ಅದನ್ನು ಮಂಚದ ಬಳಿಗೆ ಒಯ್ದು ತೋರಿಸಿದೆ.

ಅವರು ಬೆರಳಲ್ಲಿ ಆಡಿಸಿ ನೋಡಿದರು. "ಕೊಳ್ತ ಕಲ್ಲು ಇದು. ಕೆಳಗೆ ಗಟ್ಟಿ ಐತೆ," ಎಂದು ಕೈ ಒದರಿಕೊಂಡರು.

ಕೆಳಗೆ ಗಟ್ಟಿ ಇತ್ತು. ಗುದ್ದಲಿ ಟಣ್ ಎಂದಾಗ ಅವರು ಮಂಚದ ಮೇಲೆ ಎದ್ದು ಕೂತರು, ಊಟ ಬಂದ ಹಾಗೆ.

ಗುಂಡಿಯ ಒಳಗೆ ಬೆಂಕಿ ಹಾಕಿದೆವು. ಕರಟ, ಮಟ್ಟೆ, ಜಾಲಿ ಸೌದೆ. ಹೊಗೆ ಅವರ ಕಡೆ ತಿರುಗದ ಹಾಗೆ ಮಂಚವನ್ನು ಗಾಳಿ ನೋಡಿ ಎತ್ತಿ ಎತ್ತಿ ಇಡಬೇಕಿತ್ತು. ಬೆಂಕಿ ಸರಿಸುವ ಕೆಲಸ ಮತ್ತೆ ನನ್ನದು. ಮೊದಲ ಪದರ ಚೆನ್ನಾಗಿ ಎದ್ದಿತು, ಎರಡನೆಯದೂ ಎದ್ದಿತು. ಆ ದಿನಗಳಲ್ಲಿ ಅವರು ಒಂದು ತುತ್ತು ಹೆಚ್ಚು ತಿಂದರು. ಮಿಷನ್ನಿಗೆ ಸೇರಿದ ಮೇಲೆ ಅವರ ಬಾಯಲ್ಲಿ ಇಲ್ಲದ ಮಾತೆಲ್ಲ ವಾಪಸು ಬಂದಿತು. ಮಂಚದ ಮೇಲಿಂದಲೇ ಭಾವನನ್ನು ಬೈಯುತ್ತಿದ್ದರು. "ಉಳಿ ಅಂಗ್ ಇಡಿಬೇಡ ಕಣ್ಲಾ, ಅದೇನ್ ಬಳಪನಾ?"

"ಬಾಯ್ ಮುಚ್ಕೊಂಡ್ ಮಲಿಕ್ಕೋ. ಗಿರಾಕಿ ನೀನು, ಮೇಸ್ತ್ರಿ ಅಲ್ಲ," ಎಂದರು ಭಾವ.

ಒಂದು ಮಧ್ಯಾಹ್ನ, ಗುಂಡಿ ಆರಿದ ಮೇಲೆ, "ನನ್ನ ಇಳ್ಸು," ಎಂದರು. ಯಾಕೆ ಎಂದೆ. "ಒಂದ್ಸಲ ಕೂತ್ ನೋಡ್ತೀನಿ."

ಬೇಡ ಎಂದೆ. ಕೈ ಮುಗಿದೆ. ಭಾವ ನನ್ನ ಕಡೆ ನೋಡದೆ ಅವರನ್ನು ಕಂಕುಳಿಗೆ ಕೈ ಕೊಟ್ಟು ಇಳಿಸಿದರು. ಅವರು ಬಂಡೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡರು. ನೆಲದ ಮಟ್ಟದಿಂದ ಅವರ ತಲೆ ಕೆಳಗೆ ಹೋಗಿತ್ತು. ಆದರೆ ನೆತ್ತಿಯ ಮೇಲೆ ಬರಬೇಕಾದಷ್ಟು ಮಣ್ಣಿಗೆ ಜಾಗ ಸಾಲದು.

"ಇನ್ನೊಂದು ಪದರ," ಎಂದರು.

ಆ ಇನ್ನೊಂದು ಪದರಕ್ಕೆ ಬೆಂಕಿ ಹಾಕಿದೆವು. ಆರಿದ ಮೇಲೆ ಭಾವ ಇಳಿದು ತಟ್ಟಿದರು. ಒಂದು ಮೂಲೆಯಲ್ಲಿ ದಬ್ ಎಂದಿತು. ಭಾವ ಮತ್ತೆ ತಟ್ಟಿ, ಕಿವಿ ಇಟ್ಟು, ಮುಖ ಸಿಂಡರಿಸಿದರು.

"ಇದು ಎದ್ದಿರೋ ಸದ್ದಲ್ಲ ಕಣ್ಲಾ. ಏನೋ ಐತೆ ಒಳಗೆ."

ಇವರು ತಾವೇ ಕೇಳಬೇಕು ಎಂದರು. ಮತ್ತೆ ಇಳಿಸಿದರು. ಸುತ್ತಿಗೆ ಎತ್ತಲು ಎರಡು ಕೈ ಬೇಕಾಯಿತು. ತಟ್ಟಿದರು, ಉಸಿರು ತೆಗೆದುಕೊಂಡರು, ಮತ್ತೆ ತಟ್ಟಿದರು. ಅವರ ಉಸಿರಿನ ಸದ್ದೇ ಎಷ್ಟು ಜೋರಿತ್ತೆಂದರೆ ಬಂಡೆಯ ಸದ್ದು ಅವರಿಗೆ ಎಷ್ಟು ಕೇಳಿಸಿತೋ ನಾನು ಹೇಳಲಾರೆ.

"ಎದ್ದೈತೆ," ಎಂದರು.

"ಒಳಗೆ ತಣ್ಣಗೈತೆ. ಮುಟ್ಟಿ ನೋಡು. ಬೆಂಕಿ ಹಾಕಿರೋ ಬಂಡೆ ಇಷ್ಟು ಬೇಗ ಆರ್ತದಾ?"

"ಬಂಡೆ ಸದ್ದು ನಂಗ್ ಹೇಳ್ಕೊಡ್ಬೇಡ. ನಾನಿನ್ನೂ ಸತ್ತಿಲ್ಲ. ಹಾರೆ ಹಾಕು."

ಭಾವ ಹಾರೆ ಹಾಕಿದರು. ಅವರಿಬ್ಬರಲ್ಲಿ ಬಂಡೆಯ ಸದ್ದಿನ ವಿಷಯದಲ್ಲಿ ಇವರ ಮಾತೇ ಯಾವಾಗಲೂ ಕೊನೆ. ಮೂಲೆ ಎದ್ದಿತು, ಅಡ್ಡಕ್ಕೆ ಬಿರುಕು ಬಿಟ್ಟಿತು. ಬಿರುಕಿನಿಂದ ಮೊದಲು ಒದ್ದೆ ಬಂತು, ಬೂದಿ ಕಪ್ಪಾಯಿತು. ಆಮೇಲೆ ನೀರು ಸಣ್ಣಗೆ, ಸದ್ದಿಲ್ಲದೆ ಬರತೊಡಗಿತು. ಎರಡು ಪದರದ ನಡುವೆ ಅದು ಮೊದಲಿನಿಂದಲೂ ಇತ್ತು. ಬೋರೆಯ ಮೇಲೆ ಎಲ್ಲೋ ಬಿದ್ದ ಮಳೆ ಬಂಡೆಯ ಸಂದಿನಲ್ಲಿ ನಡೆದುಕೊಂಡು ಇಲ್ಲಿಗೆ ಬಂದಿತ್ತು. ಅದು ಬೆಂಕಿಗೆ ಬಿಟ್ಟ ಟೊಳ್ಳಲ್ಲ, ನೀರು ತಿಂದ ಟೊಳ್ಳು.

ಭಾವ ಅವರನ್ನು ಎತ್ತಿ ಮೇಲೆ ಕೂರಿಸಿದರು. ಪಂಚೆಯ ತುದಿ ಒದ್ದೆಯಾಗಿತ್ತು. ಸ್ವಲ್ಪ ಹೊತ್ತಿಗೆ ಬೂದಿ ತೇಲಿತು.

ಮೋಟರು ಬಾಡಿಗೆಗೆ ತಂದು ನೀರು ಹೊರಗೆ ಹಾಕಿದೆವು. ಬೆಳಗ್ಗೆ ನೋಡಿದರೆ ಅಷ್ಟೇ ನೀರು. ಬಿರುಕಿಗೆ ಸಿಮೆಂಟು ಮೆತ್ತಿದರು ಭಾವ, ಪಕ್ಕದಲ್ಲಿ ಬಂತು. ಸಂಸ್ಕಾರ ಮಾಡಿಸುವ ನಮ್ಮ ಅಯ್ಯನವರನ್ನು ಕರೆಸಿದೆವು. ಅವರು ಗುಂಡಿಯ ಅಂಚಿನಲ್ಲಿ ನಿಂತು ನೋಡಿ, ಯಾರಿಗೆ ಏನು ಎಂದು ಕೇಳದೆ, "ನೀರಲ್ಲಿ ಕೂರಿಸಕ್ಕೆ ಬರಲ್ಲಮ್ಮ," ಎಂದರು. ಬೇರೆ ಕಡೆ ತೋಡೋಣ ಎಂದು ಭಾವ ಹೇಳಿದರು. ಆದರೆ ಅಷ್ಟು ಹೊತ್ತಿಗೆ ಇವರಿಗೆ ಆಮ್ಲಜನಕದ ಸಿಲಿಂಡರು ಬಂದಿತ್ತು. ಅವರು ಬೋರೆಗೆ ಬರುವ ಹಾಗಿರಲಿಲ್ಲ, ಅವರನ್ನು ಬಿಟ್ಟು ಅಲ್ಲಿ ಬೆಂಕಿ ಹಾಕುತ್ತಾ ಕೂರಲು ನನಗೂ ಆಗುತ್ತಿರಲಿಲ್ಲ.

ಅವರು ಅದರ ಮಾತು ಎತ್ತಲಿಲ್ಲ. ಒಂದು ದಿನ ಅನ್ನ ಕಲಸಿ ಕೊಡುತ್ತಿದ್ದಾಗ ತಟ್ಟೆಯನ್ನು ಸರಿಸಿ ಕೇಳಿದರು, "ನೀನು ಮೊದ್ಲೇ ಹೇಳಿದ್ದೆ ಅಲ್ವಾ. ಬಂಡೆನೂ ಓಯ್ತದೆ ಅಂತ."

"ಪಾಠದಲ್ಲಿ ಇತ್ತು," ಎಂದೆ.

"ಎಲ್ಲಿಗೆ ಓಯ್ತದೆ ಅಂತ ಬರ್ದಿತ್ತಾ?"

ಸುಮ್ಮನೆ ತಿನ್ನಿ ಎಂದೆ. ಅವರಿಗೆ ಒಂದೊಂದು ಮಾತಿಗೂ ಎಷ್ಟು ಉಸಿರು ಬೇಕಿತ್ತು ಎಂದು ನೋಡಿದ್ದವರಿಗೆ ಗೊತ್ತು.

ಅವರು ಹೋದದ್ದು ಬೆಳಗ್ಗೆ, ನಾನು ಶಾಲೆಗೆ ಹೊರಡುವ ಹೊತ್ತಿಗೆ. ಬೆವರು ಒರೆಸಲು ಬಗ್ಗಿದೆ. ಎದೆ ಏಳುತ್ತಿರಲಿಲ್ಲ.

ಊರಿನ ಹೊಸ ಸ್ಮಶಾನ ಕೆರೆಯ ಹಿಂದೆ, ನೀರು ಇಳಿದ ಮೇಲೆ ಬಿಟ್ಟ ಗೋಡು ಮಣ್ಣಿನ ನೆಲ. ಗುದ್ದಲಿಯೇ ಬೇಡ, ಸನಿಕೆ ಸಾಕು. ಭಾವ ಒಬ್ಬರೇ ತೋಡುತ್ತೇನೆ ಎಂದು ಹಠ ಹಿಡಿದರು. ಎಷ್ಟು ತೋಡಿದರೂ ಒಂದು ಕಲ್ಲು ಸಿಗಲಿಲ್ಲ. ಮಣ್ಣು ಕಪ್ಪಗೆ, ನುಣ್ಣಗೆ, ಬೆಣ್ಣೆಯ ಹಾಗೆ ಕತ್ತರಿಸಿ ಬರುತ್ತಿತ್ತು. ಬದಿಯಲ್ಲಿ ಸಣ್ಣ ಸಣ್ಣ ಪದರ ಕಾಣುತ್ತಿತ್ತು, ಒಂದೊಂದು ಮಳೆಗಾಲಕ್ಕೆ ಒಂದೊಂದು. ಅವರನ್ನು ಅಲ್ಲಿ ಕೂರಿಸಿದರು. ಆಳಕ್ಕೆ ಏನೂ ಕೊರತೆಯಿರಲಿಲ್ಲ. ಅವರ ಕಾಲಿನ ಅಳತೆ ಸರಿಯಾಗಿ ಬಂತು.

ಎಳೆದ ಮಣ್ಣು ಮೊದಲ ಮಳೆಗೆ ಕುಸಿಯಿತು. ಹಾಗಾಗುವುದು ಸಹಜ, ಒಳಗೆ ದೇಹ ಇಳಿದಂತೆ ಮೇಲೂ ಇಳಿಯುತ್ತದೆ. ಅತ್ತೆ ಹೇಳಿದರು, ಮಣ್ಣು ಹಾಕಿ ಬರೋಣ ಎಂದು. ನಾವಿಬ್ಬರೂ ಮಂಕರಿಯಲ್ಲಿ ಮಣ್ಣು ತುಂಬಿಕೊಂಡು ಹೋದೆವು. ನಡುವೆ ತಗ್ಗು ಬಿದ್ದು ನೀರು ನಿಂತಿತ್ತು. ಕೆರೆಯೂ ಸ್ವಲ್ಪ ಮುಂದಕ್ಕೆ ಬಂದಿತ್ತು. ಬೋರೆಯಿಂದ ಇಳಿಯುವ ಕೆಂಪು ನೀರು ಹಳ್ಳದಲ್ಲಿ ಬಂದು ಕೆರೆಗೆ ಸೇರುವುದು ಅಲ್ಲಿಗೆ ಕಾಣುತ್ತದೆ.

"ಈ ಮಣ್ಣೆಲ್ಲ ನಮ್ಮ ಬೋರೆದೇ ಅತ್ತೆ," ಎಂದೆ. "ಬಂಡೆ ಸವೆದು ಇಲ್ಲಿಗೆ ಬಂದಿರೋದು."

ಅವರಿಗೆ ಸಮಾಧಾನವಾಗಲಿ ಎಂದು ಹೇಳಿದೆ. ಅವರು ನನ್ನನ್ನೇ ನೋಡಿದರು.

"ಸವೆದು ಬಂದಿರೋದ್ರಲ್ಲಿ ಕೂರ್ಸಿದೀವಿ. ಇಲ್ಲಿಂದನೂ ಓಯ್ತದಾ?"

ಸುಳ್ಳು ಹೇಳಬಹುದಿತ್ತು. ಸಂಪು ಎಂದು ಒಂದು ಸಲ ಹೇಳಿ ಆಗಿತ್ತು.

"ಓಯ್ತದೆ ಅತ್ತೆ. ನಿಧಾನಕ್ಕೆ."

"ಎಲ್ಲಿಗೆ?"

"ಕೋಡಿ ಬಿದ್ರೆ ಹಳ್ಳಕ್ಕೆ. ಹಳ್ಳದಿಂದ ಹೊಳೆಗೆ. ಹೇಮಾವತಿಯಿಂದ ಕಾವೇರಿಗೆ, ಅಲ್ಲಿಂದ ಸಮುದ್ರಕ್ಕೆ."

"ಆಮೇಲೆ?"

"ಸಮುದ್ರದ ತಳದಲ್ಲಿ ಕೂತ್ಕೋತದೆ. ಮೇಲೆ ಇನ್ನೂ ಮಣ್ಣು ಬೀಳ್ತದೆ. ಬಿಗಿದು ಕಲ್ಲಾಯ್ತದೆ. ಒಳಗೆ ಇಳಿದು ಕಾವಿಗೆ ಬೇರೆ ಕಲ್ಲಾಯ್ತದೆ, ಇಲ್ಲಾ ಕರಗಿಹೋಯ್ತದೆ. ಯಾವತ್ತೋ ಮೇಲೆ ಬತ್ತದೆ."

"ಬಂಡೆ ಆಗಿ?"

"ಬಂಡೆ ಆಗಿ."

ಅತ್ತೆ ಮಂಕರಿಯ ಅಂಚನ್ನು ಹಿಡಿದುಕೊಂಡು ನಿಂತಿದ್ದರು. ಲೆಕ್ಕ ಹಾಕುತ್ತಿದ್ದ ಹಾಗೆ ಕಾಣಿಸಿತು.

"ಅಲ್ಲಿಗಂಟ ಹಿಂಗೇ ಕುಸಿತಿರ್ತದಲ್ಲ. ಮಣ್ಣಾಕೋರು ಯಾರು?"

"ಯಾರೂ ಇರಲ್ಲ ಅತ್ತೆ. ನಾವಿರೋಗಂಟ ನಾವು."

ಅವರು ಬಗ್ಗಿ ತಗ್ಗಿನಲ್ಲಿ ನಿಂತಿದ್ದ ನೀರನ್ನು ಬೊಗಸೆಯಲ್ಲಿ ತೆಗೆದು ಹೊರಗೆ ಚೆಲ್ಲತೊಡಗಿದರು. ನೀರು ಪೂರ್ತಿ ಹೋಗಲಿಲ್ಲ. "ಸುರಿ," ಎಂದರು. ನಾನು ನನ್ನ ಮಂಕರಿಯ ಮಣ್ಣನ್ನು ಸುರಿದೆ.